ಐವರಿಗೊಂದು ಚೀಲ

ದಸರಾ ರಜೆಗೆ ಮೈಸೂರಿನ ತವರಿಗೆ ಹೊರಡುವ ವಾರ ಬಂತೆಂದರೆ ಹಾಲು ಪೇಪರಿನವರಿಗೆ ಹೇಳುವುದಾಗಲಿ, ಗಿಡಗಳಿಗೆ ನೀರು ಹಾಕಲು ಎದುರು ಮನೆಯವರನ್ನು ಒಪ್ಪಿಸುವುದಾಗಲಿ ನನಗೊಂದು ಚಿಂತೆಯೇ ಅಲ್ಲ. ಮಕ್ಕಳಿಗೆ ಏನು ತೆಗೆದುಕೊಂಡು ಹೋಗುವುದು, ಅದೊಂದೇ ಚಿಂತೆ. ಅಲ್ಲಿ ಸೇರುವ ಮಕ್ಕಳು ಐದು. ತಮ್ಮನ ಎರಡು ನನ್ನನ್ನು ಅತ್ತೆ ಅನ್ನುತ್ತವೆ, ತಂಗಿಯ ಮೂರು ದೊಡ್ಡಮ್ಮ ಅನ್ನುತ್ತವೆ. ಎಲ್ಲಕ್ಕಿಂತ ಚಿಕ್ಕದು ಪಾಪು, ಒಂದೂವರೆ ವರ್ಷ. ಆಮೇಲೆ ನಾಲ್ಕರ ಗುಂಡ, ಎಂಟರ ಪುಟ್ಟಿ, ಹನ್ನೊಂದರ ಅಮ್ಮು. ಎಲ್ಲರಿಗಿಂತ ಹಿರಿಯವನಿಗೆ ಹದಿನಾಲ್ಕು ತುಂಬಿದೆ. ಮೂಗಿನ ಕೆಳಗೆ ಮಸಿ ಒರೆಸಿದ ಹಾಗೆ ಏನೋ ಕಾಣಿಸಿಕೊಂಡಿದೆ. ಶಾಲೆಯ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾನೆ, ಮನೆಯ ಹೆಸರಿನಿಂದ ಕರೆದರೆ ಕಿವಿ ಕೇಳಿಸುವುದಿಲ್ಲ. ಅದಕ್ಕೇ ಇಲ್ಲಿ ಅವನನ್ನು ದೊಡ್ಡವನು ಎಂದಷ್ಟೇ ಬರೆಯುತ್ತೇನೆ.

ಐದೂ ಐದು ಊರಿನಲ್ಲಿದ್ದಿದ್ದರೆ ಈ ಕೆಲಸ ಸಲೀಸು. ಒಂದೇ ಹಜಾರದಲ್ಲಿ, ಒಂದೇ ಜಮಖಾನದ ಮೇಲೆ ಕೂತು, ಒಂದೇ ಸಲಕ್ಕೆ ಬಿಚ್ಚುತ್ತವಲ್ಲ, ತೊಂದರೆ ಇರುವುದು ಅಲ್ಲಿ. ಕಾಗದ ಹರಿದ ಮರುಕ್ಷಣ ಯಾರೂ ತಮ್ಮ ಕೈಯಲ್ಲಿರುವುದನ್ನು ನೋಡುವುದಿಲ್ಲ, ಪಕ್ಕದವರ ಕೈ ನೋಡುತ್ತಾರೆ. ಅದೂ ಯಾರ ಪಕ್ಕದ ಕೈ? ತಮಗಿಂತ ಒಂದು ಮೆಟ್ಟಿಲು ಮೇಲಿರುವವರದು. ಗುಂಡನಿಗೆ ಪುಟ್ಟಿಯ ಸಾಮಾನು ಬೇಕು, ಪುಟ್ಟಿಗೆ ಅಮ್ಮುವಿನ ಬಣ್ಣದ ಪೆಟ್ಟಿಗೆ ಬೇಕು, ಅಮ್ಮುವಿಗೆ ಅಣ್ಣನ ಇಯರ್‌ಫೋನ್ ಬೇಕು. ಅಣ್ಣನಿಗೆ ಅವನ ಅಪ್ಪನ ಸ್ಕೂಟರ್ ಬೇಕು. ಕೆಳಗಿನವರದ್ದು ಯಾರಿಗೂ ಬೇಡ; ಬೇಕಾದರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರೂ ಮಲಗಿದ ಮೇಲೆ ಎತ್ತಿಕೊಳ್ಳುತ್ತಾರೆ. ಮಕ್ಕಳು ಇರುವ ವಯಸ್ಸಿನಲ್ಲಿ ಇರುವುದೇ ಕಡಿಮೆ, ಯಾವಾಗಲೂ ಬರುವ ವರ್ಷದಲ್ಲಿ ಒಂದು ಕಾಲು ಇಟ್ಟುಕೊಂಡೇ ಇರುತ್ತಾರೆ ಎಂಬುದು ನಾನು ಇಷ್ಟು ವರ್ಷ ಚೀಲ ಹೊತ್ತು ಕಂಡುಕೊಂಡ ಸಂಗತಿ. ಅಂಗಡಿಯವರು ಮಾತ್ರ ಮೊದಲು ಕೇಳುವುದೇ, "ಎಷ್ಟು ವರ್ಷದ ಮಗು ಮೇಡಂ?"

ನಮ್ಮ ಕಾಲದಲ್ಲಿ ಈ ವಯಸ್ಸಿನ ಲೆಕ್ಕವನ್ನೆಲ್ಲ ಟೈಲರ್ ನೋಡಿಕೊಳ್ಳುತ್ತಿದ್ದ. ಹಬ್ಬಕ್ಕೆ ಉಡುಗೊರೆ ಅಂತ ಎಲ್ಲಿತ್ತು? ಬಟ್ಟೆ ಇತ್ತು. ಅಪ್ಪ ಒಂದೇ ಥಾನಿನಲ್ಲಿ ಅಳೆಸಿ ತರುತ್ತಿದ್ದರು. ನನಗೂ ತಂಗಿಗೂ ಫ್ರಾಕು, ತಮ್ಮನಿಗೆ ಅಂಗಿ, ಮಿಕ್ಕ ತುಂಡಿನಲ್ಲಿ ಚಿಕ್ಕಪ್ಪನ ಮಗುವಿಗೊಂದು ಜುಬ್ಬ, ಇನ್ನೂ ಮಿಕ್ಕಿದರೆ ದಿಂಬಿನ ಗವಸು. "ಬೆಳೆಯೋ ಮಕ್ಕಳು, ಎರಡು ಬೆರಳು ಹೆಚ್ಚೇ ಇರಲಿ" ಎಂದು ಅಮ್ಮ ಟೈಲರಿಗೆ ತಾಕೀತು ಮಾಡುತ್ತಿದ್ದಳು. ಆ ಎರಡು ಬೆರಳು ಮೈಗೆ ಹತ್ತುವ ಹೊತ್ತಿಗೆ ಬಟ್ಟೆಯ ಬಣ್ಣ ಹೋಗಿರುತ್ತಿತ್ತು. ಜಂಬೂಸವಾರಿಯ ಜನಜಂಗುಳಿಯಲ್ಲಿ ನಮ್ಮಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಹುಡುಕುವುದೂ ಸುಲಭ, ಉಳಿದವರನ್ನು ತೋರಿಸಿ "ಇದೇ ಬಟ್ಟೆಯ ಇನ್ನೊಂದು ಮಗು ಕಂಡ್ರಾ?" ಎಂದು ಕೇಳಿದರೆ ಸಾಕಿತ್ತು.

ಆಟದ ಸಾಮಾನು ಬೇಕೆಂದರೆ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗುವವರೆಗೂ ಕಾಯಬೇಕು. ಪೀಪಿ, ಕಾಗದದ ಗಿರಗಟ್ಟೆ, ರಬ್ಬರ್ ದಾರ ಕಟ್ಟಿದ ಬಲೂನು. ಒಂದು ವರ್ಷ ಅಪ್ಪ ತಗಡಿನ ದೋಣಿ ಕೊಡಿಸಿದರು. ಅಂಗೈ ಉದ್ದ, ಕೆಂಪು ಹಸಿರು ಬಣ್ಣ. ಹೊಟ್ಟೆಯಲ್ಲೊಂದು ಚಪ್ಪಟೆ ಡಬ್ಬಿ, ಆ ಡಬ್ಬಿಯಿಂದ ಹಿಂಭಾಗಕ್ಕೆ ಹೋಗಿ ನೀರಿನೊಳಗೆ ಇಳಿಯುವ ಎರಡು ಸಣ್ಣ ಕೊಳವೆ. ಕೊಳವೆಗೆ ನೀರು ತುಂಬಿಸಿ, ಡಬ್ಬಿಯ ಕೆಳಗೆ ಎಣ್ಣೆ ಬತ್ತಿ ಹಚ್ಚಿಟ್ಟು, ದೊಡ್ಡ ಬೋಗುಣಿಯ ನೀರಿನಲ್ಲಿ ಬಿಡಬೇಕು. ಒಂದೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಡಬ್ಬಿಯೊಳಗಿನ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ನೂಕುತ್ತದೆ, ದೋಣಿ ಮುಂದಕ್ಕೆ ಸರಿಯುತ್ತದೆ. ಆವಿ ತಣಿದೊಡನೆ ಮತ್ತೆ ನೀರು ಒಳಕ್ಕೆ ಬರುತ್ತದೆ, ಮತ್ತೆ ಆವಿ. ಹೀಗೆ ಟುಕುಟುಕು ಸದ್ದು ಮಾಡುತ್ತಾ ಬೋಗುಣಿಯ ಅಂಚು ಹಿಡಿದು ಸುತ್ತುತ್ತಿತ್ತು. ತಂದದ್ದು ಒಂದೇ ದೋಣಿ. ಕೊಳವೆಗೆ ನೀರು ಊದುವುದು ನಾನು, ಬತ್ತಿ ಹಚ್ಚುವುದು ಅಪ್ಪ, ಬೋಗುಣಿಯ ನೀರು ಚೆಲ್ಲುವುದು ತಂಗಿ, ಚಪ್ಪಾಳೆ ತಟ್ಟುವುದು ತಮ್ಮ. ಅದನ್ನು ಯಾರ ಹೆಸರಿಗೆ ತಂದದ್ದು ಎಂಬುದು ನಮ್ಮ ಮೂವರಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಈಗ ಅಂಥದ್ದನ್ನು ತೆಗೆದುಕೊಂಡು ಹೋದರೆ ನನ್ನನ್ನು ಮನೆಯೊಳಗೆ ಬಿಡುತ್ತಾರೋ ಇಲ್ಲವೋ. ಈಗ ಪ್ರತಿ ಪೆಟ್ಟಿಗೆಯ ಮೇಲೂ ವಯಸ್ಸು ಅಚ್ಚಾಗಿರುತ್ತದೆ. ಮೂರು ಮೇಲ್ಪಟ್ಟವರಿಗೆ, ಆರು ಮೇಲ್ಪಟ್ಟವರಿಗೆ, ಎಂಟು ಮೇಲ್ಪಟ್ಟವರಿಗೆ. ಕೆಲವುದರ ಮೇಲೆ ಕೆಂಪು ವೃತ್ತದೊಳಗೆ ಒಂದು ಮಗುವಿನ ಮುಖ, ಪಕ್ಕದಲ್ಲಿ 0-3 ಎಂಬ ಅಂಕೆ, ಅದರ ಮೇಲೊಂದು ಅಡ್ಡಗೆರೆ. ಇದನ್ನು ಬುದ್ಧಿವಂತಿಕೆಯ ಮಟ್ಟ ಎಂದು ಓದಿಕೊಳ್ಳುವ ಅಪ್ಪ ಅಮ್ಮಂದಿರು ಬಹಳ. "ನಮ್ಮವನು ಚುರುಕು, ಎರಡಕ್ಕೇ ಮೂರು ವರ್ಷದ್ದು ಆಡ್ತಾನೆ" ಎಂದು ಹೆಮ್ಮೆಯಿಂದ ಬಿಲ್ ಮಾಡಿಸುತ್ತಾರೆ. ಆ ಗುರುತಿಗೂ ಚುರುಕಿಗೂ ಸಂಬಂಧವೇ ಇಲ್ಲ, ಅದು ಗಂಟಲಿಗೆ ಸಂಬಂಧಿಸಿದ್ದು. ಆಟಿಕೆ ಪರೀಕ್ಷಿಸುವವರ ಹತ್ತಿರ 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಇರುತ್ತದೆ. ಆಟಿಕೆಯ ಯಾವುದೇ ಚೂರು ಅದರೊಳಗೆ ಪೂರ್ತಿ ಇಳಿದುಹೋಯಿತೆಂದರೆ, ಮೂರು ತುಂಬದ ಮಗುವಿನ ಗಂಟಲಿಗೂ ಇಳಿದೀತು ಎಂದೇ ಲೆಕ್ಕ. ಇನ್ನು ಗುಂಡಿಯಷ್ಟಿರುವ ಬ್ಯಾಟರಿ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆಲ್ಲ ಸುಟ್ಟುಹೋಗಬಹುದು. ಹಾಡುವ ಬಾತುಕೋಳಿ, ಮಿಣುಕುವ ಚಪ್ಪಲಿ ಏನೇ ಇರಲಿ, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಹಾಕಿರದಿದ್ದರೆ ನಾನು ಅದನ್ನು ಕೈಯಲ್ಲಿ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಕನ್ನಡಕ ಏರಿಸಿ ಆಟಿಕೆಗಳನ್ನೆಲ್ಲ ಬೋರಲು ಹಾಕಿ ನೋಡುವ ಹೆಂಗಸು ಕಂಡರೆ ನಾನೇ ಅಂದುಕೊಳ್ಳಿ.

ಆದರೆ ಪೆಟ್ಟಿಗೆಯ ಮೇಲೆ ವಯಸ್ಸು ಬರೆದವರು ಒಂದೇ ಮಗು ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಅಮ್ಮುವಿಗೆ ಮಣಿ ಪೋಣಿಸುವ ಪೆಟ್ಟಿಗೆ ಕೊಟ್ಟರೆ ಅವಳ ವಯಸ್ಸಿಗೆ ಸರಿ. ಆದರೆ ಅವಳು ಪೋಣಿಸಲು ಕೂರುವುದು ಪಾಪು ಅಂಬೆಗಾಲಿಡುವ ಅದೇ ಜಮಖಾನದ ಮೇಲೆ. ಹಾಗಾಗಿ ನಮ್ಮಂಥ ಮನೆಗಳಲ್ಲಿ ಪ್ರತಿ ಸಾಮಾನನ್ನೂ ಎರಡು ಸಲ ಅಳೆಯಬೇಕು, ಯಾರಿಗೆ ಕೊಡುತ್ತೇವೋ ಅವರ ಅಳತೆಗೊಂದು ಸಲ, ಪಾಪುವಿನ ಬಾಯಿಯ ಅಳತೆಗೊಂದು ಸಲ.

ಪಾಪುವಿನದು ಚನ್ನಪಟ್ಟಣದಲ್ಲಿ ಮುಗಿಯುತ್ತದೆ. ಮುಂಚೆ ಮೈಸೂರಿಗೆ ಹೋಗುವುದೆಂದರೆ ಚನ್ನಪಟ್ಟಣದ ನಡುವೆಯೇ ಹೋಗಬೇಕಿತ್ತು. ರಸ್ತೆಯ ಎರಡೂ ಕಡೆ ತೂಗುಕುದುರೆಗಳು ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದವು. 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಊರು ಪಕ್ಕಕ್ಕೆ ಸರಿದುಬಿಟ್ಟಿದೆ. ಆಟಿಕೆ ಬೇಕೆಂದರೆ ಬೇಕಂತಲೇ ಹಳೆಯ ರಸ್ತೆಗೆ ಇಳಿಯಬೇಕು. "ಒಂದು ಗಿಲಕಿಗೋಸ್ಕರ ಅರ್ಧ ಗಂಟೆ ಹಾಳು" ಎಂದು ಯಜಮಾನರು ಪ್ರತಿ ಸಲವೂ ಗೊಣಗುತ್ತಾರೆ. ಗೊಣಗಿದವರೇ ಅಂಗಡಿಯೊಳಗೆ ಹೊಕ್ಕರೆ ಬುಗುರಿ ತಿರುಗಿಸುತ್ತಾ ನಿಂತುಬಿಡುತ್ತಾರೆ, ಕರೆದುಕೊಂಡು ಬರಲು ಇನ್ನರ್ಧ ಗಂಟೆ.

ಈ ಆಟಿಕೆಗಳನ್ನು ಟಿಪ್ಪುವಿನ ಕಾಲಕ್ಕೆ ಒಯ್ದು ನಿಲ್ಲಿಸುವ ಕಥೆ ಎಲ್ಲರಿಗೂ ಗೊತ್ತು. ನನಗೆ ಇಷ್ಟ ಅದನ್ನು ಮಾಡುವ ಬಗೆ. ಆಲೆ ಮರದ ತುಂಡನ್ನು ಒಣಗಿಸಿ, ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ಆಕಾರಕ್ಕೆ ತರುತ್ತಾರೆ. ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬಿಳಿಯ ಮರ ಕಣ್ಣೆದುರೇ ಅರಿಶಿನವಾಗುತ್ತದೆ. ಆಮೇಲೆ ಒಣಗಿದ ಗರಿಯ ಚೂರು ಮಡಿಸಿ ಒತ್ತಿದರೆ ಹೊಳಪು. ಬ್ರಶ್ ಇಲ್ಲ, ಡಬ್ಬಿಯ ಪೇಂಟ್ ಇಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನವರಿಗೆ ಇದಕ್ಕಿಂತ ಬೇರೆ ಬೇಕೆಂದು ನನಗೆ ಅನ್ನಿಸುವುದಿಲ್ಲ. ಗಿಲಕಿಯಾದರೂ ಸರಿ, ತಳ್ಳುವ ಗಾಡಿಯಾದರೂ ಸರಿ. ಅದೇ ಅಂಗಡಿಯ ಬಾಗಿಲಿನಲ್ಲಿ ಪ್ಲಾಸ್ಟಿಕ್ ಬಂದೂಕು, ರಿಮೋಟ್ ಕಾರುಗಳೂ ನೇತಾಡುತ್ತಿರುತ್ತವೆ. ಅವಕ್ಕೂ ಆ ಊರಿಗೂ ಸಂಬಂಧವಿಲ್ಲ. ಗಿರಾಕಿ ಹಿಡಿಯಬೇಕಲ್ಲ, ಅಂಗಡಿಯವರನ್ನು ದೂರುವುದು ಹೇಗೆ?

ನಾದಿನಿಯ ಫೋನು ಹೊರಡುವ ಹಿಂದಿನ ದಿನ ಬಂದೇ ಬರುತ್ತದೆ. "ಅಕ್ಕಾ, ಪಾಪುಗೆ ಸದ್ದು ಮಾಡೋದೊಂದು ತರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ." ಆ ವಯಸ್ಸಿನ ಮಗುವಿಗೆ ಕೊಡುವ ಉಡುಗೊರೆ ನಿಜವಾಗಿ ತಲುಪುವುದು ತಾಯಿಗೆ, ರಾತ್ರಿ ಹತ್ತು ಗಂಟೆಗೆ ಅದನ್ನು ಕೇಳಬೇಕಾದವಳು ಅವಳೇ. ಮರದ ಗಿಲಕಿಯ ಸದ್ದು ಗೋಡೆ ದಾಟುವುದಿಲ್ಲ ಎಂದು ಭರವಸೆ ಕೊಟ್ಟು ಫೋನ್ ಇಡುತ್ತೇನೆ.

ಗುಂಡನದು ಇನ್ನೂ ಸುಲಭ. ಅವನಿಗೆ ಪೆಟ್ಟಿಗೆ ದೊಡ್ಡದಿದ್ದರೆ ಆಯಿತು.

ಪುಟ್ಟಿ ಹಾಗಲ್ಲ. ಎಂಟು ಎಂದರೆ ನ್ಯಾಯಾಲಯ ತೆರೆಯುವ ವಯಸ್ಸು. ಯಾರಿಗೆ ಎಷ್ಟು, ಯಾರಿಗೆ ಮೊದಲು, ಯಾರಿಗೆ ಎರಡು ಎಂಬುದರ ದಾಖಲೆಯೆಲ್ಲ ಅವಳ ತಲೆಯಲ್ಲಿರುತ್ತದೆ, ಹೋದ ವರ್ಷದ್ದೂ ಸೇರಿ. ಪೆಟ್ಟಿಗೆ ಕೈಗೆ ಬಂದೊಡನೆ ತಿರುಗಿಸಿ ಬೆಲೆಯ ಚೀಟಿ ಹುಡುಕುತ್ತಾಳೆ. ನಾನು ಹೊರಡುವ ಹಿಂದಿನ ರಾತ್ರಿ ಕೂತು, ಚೀಟಿಗಳಿಗೆ ಕೊಬ್ಬರಿ ಎಣ್ಣೆ ಸವರಿ, ನೆನೆದ ಮೇಲೆ ಉಗುರಿನಿಂದ ಕೆರೆದು ತೆಗೆಯುತ್ತೇನೆ. ಚೀಟಿ ಹೋದರೂ ಎಣ್ಣೆಯ ಕಲೆ ಉಳಿಯುತ್ತದೆ. ಕಲೆ ನೋಡಿ ಅವಳು, "ಇದಕ್ಕೆ ಜಾಸ್ತಿ ಇತ್ತಾ, ಅಮ್ಮೂದಕ್ಕಾ?" ಎನ್ನುತ್ತಾಳೆ. ಇಬ್ಬರಿಗೂ ಒಂದೇ ಎಂದರೆ ನಂಬುವುದಿಲ್ಲ. ಒಂದೇ ಆಗಿದ್ದರೂ ಅವಳ ಪ್ರಕಾರ ಅದು ಅನ್ಯಾಯವೇ: "ನಾನು ಚಿಕ್ಕವಳು, ನಂಗೆ ಜಾಸ್ತಿ ಇರಬೇಕು." ದೊಡ್ಡವನ ವಾದ ಇದಕ್ಕೆ ನೇರ ವಿರುದ್ಧ. ಇಬ್ಬರ ವಾದವೂ ನನಗೆ ಸರಿಯೆಂದೇ ಕಾಣುತ್ತದೆ, ಅದಕ್ಕೇ ನನ್ನನ್ನು ಯಾವ ಮನೆಯಲ್ಲೂ ಪಂಚಾಯ್ತಿಗೆ ಕರೆಯುವುದಿಲ್ಲ.

ಅಮ್ಮುವಿಗೆ ಪುಸ್ತಕ ಎಂದು ನಾನು ಹಟ ಹಿಡಿದಿದ್ದೇನೆ. ಚಪ್ಪಟೆಯಾದ ಚೌಕದ ಪೊಟ್ಟಣ ಕಂಡರೆ ಮಕ್ಕಳ ಮುಖ ಹೇಗಾಗುತ್ತದೆಂದು ಗೊತ್ತಿದ್ದೂ ಹಿಡಿದಿದ್ದೇನೆ. ಅವಳು ಇಂಗ್ಲಿಷ್ ಪುಸ್ತಕವನ್ನು ಗಂಟೆಗೊಂದರಂತೆ ಮುಗಿಸುತ್ತಾಳೆ, ಕನ್ನಡ ಓದುವಾಗ ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತಾಳೆ. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು; ಕನ್ನಡ ಚಂದಮಾಮ 1949ರಲ್ಲಿ ಶುರುವಾಯಿತು; ನಮ್ಮ ಕಾಲಕ್ಕೆ ಜೇಬಿನಲ್ಲಿ ಹಿಡಿಯುವ ಭಾರತ ಭಾರತಿ ಪುಸ್ತಕಗಳಿದ್ದವು, ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದವು. ಆ ಪುಟ್ಟ ಪುಸ್ತಕಗಳ ಗುಟ್ಟು ಅವುಗಳ ಗಾತ್ರದಲ್ಲೇ ಇತ್ತು ಎಂದು ನನಗೆ ಅನುಮಾನ. ಮುಗಿಸಿಬಿಡಬಹುದು ಅನ್ನಿಸುತ್ತಿತ್ತು, ಮುಗಿಸಿದವರಿಗೆ ಇನ್ನೊಂದು ಬೇಕೆನಿಸುತ್ತಿತ್ತು. ಅದಕ್ಕೇ ಈಗಲೂ ಅಮ್ಮುವಿಗೆ ದಪ್ಪನೆಯದನ್ನು ಕೊಡುವುದಿಲ್ಲ, ತೆಳ್ಳನೆಯ ನಾಲ್ಕು ಕೊಡುತ್ತೇನೆ. ಕೊಡುವಾಗ "ಓದಿ ಜಾಣೆಯಾಗು" ಎಂಬ ಮಾತು ಬಾಯಿಂದ ಬರದಂತೆ ನೋಡಿಕೊಳ್ಳುತ್ತೇನೆ. ಜೊತೆಗೊಂದು ಡಬ್ಬಿ ಒಳ್ಳೆಯ ಬಣ್ಣದ ಪೆನ್ಸಿಲ್. ಪೆನ್ಸಿಲ್ ಮೊದಲು ಖಾಲಿಯಾಗುತ್ತದೆ, ಪುಸ್ತಕ ಮೊದಲು ಅಜ್ಜಿಯ ಕೈ ಸೇರುತ್ತದೆ. ಅಜ್ಜಿ ಗಟ್ಟಿಯಾಗಿ ಓದುತ್ತಾಳೆ. ಒಳ್ಳೆಯ ಘಟ್ಟ ಬಂದಾಗ ಬೇಕೆಂದೇ ಕನ್ನಡಕ ತೆಗೆದು, "ಕಣ್ಣು ನೋಯ್ತಿದೆ ಕಣೇ, ಮಿಕ್ಕಿದ್ದು ನೀನೇ ಓದು" ಎಂದು ಅವಳ ಕೈಗೆ ಕೊಡುತ್ತಾಳೆ.

ದೊಡ್ಡವನಿಗೆ ಏನು ತರಲಿ ಎಂದು ಕೇಳಿದರೆ ಬರುವ ಉತ್ತರ "ಏನೂ ಬೇಡ ದೊಡ್ಡಮ್ಮ." ಆ ಮಾತನ್ನು ನಂಬಿ ಏನೂ ತರದಿದ್ದರೆ ಮೂರು ದಿನ ಮುಖ ಗಂಟು. ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಸರ್ಕಾರದ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಆಟಿಕೆ ಎಂದರೆ 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನು. ಇದನ್ನು ಅವನಿಗೆ ಹೇಳಿ, "ನೋಡಪ್ಪ, ಸರ್ಕಾರದ ಲೆಕ್ಕದಲ್ಲಿ ನಿನಗಿನ್ನು ಆಟಿಕೆ ಇಲ್ಲ" ಎಂದೆ. ಅವನಿಗೆ ಅದು ಸನ್ಮಾನದ ಹಾಗೆ ಕೇಳಿಸಿರಬೇಕು, ತಂಗಿಯರಿಗೆಲ್ಲ ಹೇಳಿಕೊಂಡು ಬಂದ. ಅವನಿಗೆ ಬಟ್ಟೆ ತರುವಂತಿಲ್ಲ, ನಾನು ಆರಿಸಿದ ಬಟ್ಟೆಯನ್ನು ಅವನು ಮಲಗುವಾಗ ಮಾತ್ರ ಹಾಕಿಕೊಳ್ಳುತ್ತಾನೆ. ಕೊನೆಗೆ ದುಡ್ಡೇ. ಹೊಸ ನೋಟುಗಳನ್ನು ಕವರಿನಲ್ಲಿಟ್ಟು, ನಮಸ್ಕಾರ ಮಾಡಿಸಿಕೊಂಡು ಕೊಟ್ಟರೆ, "ಫೋನ್‌ಗೇ ಕಳಿಸೋಕಾಗಲ್ವಾ ದೊಡ್ಡಮ್ಮ? ಅಪ್ಪನ ನಂಬರಿಗೆ ಮಾತ್ರ ಬೇಡ" ಅಂದ. ನಮಸ್ಕಾರವನ್ನೂ ಫೋನಿನಲ್ಲೇ ಕಳಿಸು ಎಂದೆ. ತಕ್ಷಣ ಕೈ ಮುಗಿಯುವ ಚಿತ್ರ ಬಂತು.

ಇಷ್ಟೆಲ್ಲ ಹೊತ್ತು ತಂದು ಬಿಚ್ಚಿಡುವುದು ಎಲ್ಲಿ? ಒಂಬತ್ತು ಮೆಟ್ಟಿಲು ತುಂಬ ಬೊಂಬೆ ಕೂರಿಸಿರುವ ಮನೆಯಲ್ಲಿ. ಅಮ್ಮನ ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಪಟ್ಟದ ಬೊಂಬೆ ಮೇಲೆ, ಕೆಳಗೆ ದಶಾವತಾರ, ಮದುವೆ ದಿಬ್ಬಣ, ಶೆಟ್ಟಿ ಅಂಗಡಿ, ಕಾಳು ಮೊಳೆಸಿದ ಹೊಲ, ಅದರ ಪಕ್ಕದಲ್ಲಿ ನನ್ನ ತಮ್ಮ ಚಿಕ್ಕವನಿದ್ದಾಗಿನ ಕ್ರಿಕೆಟ್ ತಂಡ. ಲೋಕದಲ್ಲಿರುವ ಆಟದ ಸಾಮಾನೆಲ್ಲ ಅಲ್ಲಿದೆ, ಒಂದನ್ನೂ ಮುಟ್ಟುವಂತಿಲ್ಲ. ಐದು ಜೊತೆ ಕಣ್ಣು ದಿನವಿಡೀ ಅಲ್ಲೇ. ನಾನು ತಂದದ್ದು ಎರಡನೆಯ ದಿನಕ್ಕೆ ಹಳತು. ಬೊಂಬೆಗಳ ಆಕರ್ಷಣೆ ವಿಜಯದಶಮಿ ಆದರೂ ಮುಗಿಯುವುದಿಲ್ಲ. ಕೊಡದೇ ಇರುವುದರ ಬಲವನ್ನು ಅಮ್ಮ ನನಗಿಂತ ಚೆನ್ನಾಗಿ ಬಲ್ಲಳು.

ಕೊಡುವುದನ್ನೂ ಬಲ್ಲಳು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಬೊಂಬೆ ನೋಡಲು ಬರುತ್ತವೆ. ಆರತಿ ಆದ ಮೇಲೆ ಬೊಂಬೆ ಬಾಗಿನ: ಒಂದು ದಿನ ಚಕ್ಕುಲಿ, ಒಂದು ದಿನ ಕೊಬ್ಬರಿ ಮಿಠಾಯಿ, ಒಂದು ದಿನ ರವೆ ಉಂಡೆ. ನಾಲ್ಕರವನಿಗೂ ಅಷ್ಟೇ, ಹದಿನಾಲ್ಕರವನಿಗೂ ಅಷ್ಟೇ. ಪುಟ್ಟಿಯ ನ್ಯಾಯಾಲಯಕ್ಕೆ ಆ ಹೊತ್ತು ರಜೆ. ರೂಮಿನ ಬಾಗಿಲು ಹಾಕಿಕೊಂಡಿದ್ದ ದೊಡ್ಡವನೂ ಕೊಬ್ಬರಿ ಮಿಠಾಯಿಯ ದಿನ ಮಾತ್ರ ಚಿಕ್ಕವರ ಸಾಲಿನಲ್ಲಿ ನಿಂತಿರುತ್ತಾನೆ. "ತಿನ್ನೋದು ತಗೊಂಡ್ಬಾ ಅಂದ್ರೆ ನೀನು ಕೇಳಲ್ಲ" ಎಂದು ಅಮ್ಮ ನನ್ನ ಚೀಲದ ಕಡೆ ನೋಡುತ್ತಾಳೆ.

ಹೋದ ವರ್ಷ ಒಂದು ವಸ್ತುವನ್ನು ಯಾರ ಹೆಸರನ್ನೂ ಬರೆಯದೆ ತಂದೆ. ಚನ್ನಪಟ್ಟಣದಲ್ಲೇ ಕೊಂಡದ್ದು: ಚೌಕಾಬಾರದ ಹಾಸು, ನಾಲ್ಕು ಬಣ್ಣದ ಅರಗಿನ ಕಾಯಿ, ನಾಲ್ಕು ಕವಡೆ. ಮೈಸೂರಿಗೆ ಇದೇನು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು ಎಷ್ಟಿತ್ತೆಂದರೆ ತಾವೇ ಹೊಸ ಆಟಗಳನ್ನು ಕಟ್ಟುತ್ತಿದ್ದರು. ಈಚೆಗೂ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟಗಳ ಪ್ರದರ್ಶನ ಏರ್ಪಡಿಸುತ್ತಾ ಬಂದಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಆಟ ಸೀಮೆಸುಣ್ಣದ ಗೆರೆ, ಹುಣಿಸೇಬೀಜದ ಜೊತೆ ಹೊರಟುಹೋಗಿತ್ತು. ಹಾಸು ಬಿಚ್ಚಿದ್ದೇ ತಡ, ಅಮ್ಮ ಮಂಡಿ ನೋವು ಮರೆತು ಕೆಳಗೆ ಕೂತಳು.

ಐದು ಮನೆಗೆ ಐದು ಮನೆ, ಆಡುವವರು ನಾಲ್ವರು. ಅಮ್ಮ, ದೊಡ್ಡವನು, ಅಮ್ಮು, ಪುಟ್ಟಿ. ಗುಂಡನಿಗೆ ಎಣಿಸಲು ಬರುವುದು ನಾಲ್ಕರ ತನಕ, ಕವಡೆಯೂ ನಾಲ್ಕೇ. ಅವನೇ ಎಲ್ಲರ ಪರವಾಗಿ ಕವಡೆ ಎಸೆಯುವವನಾದ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಆಟ. ಎಂಟು ಬಿದ್ದಾಗಲೆಲ್ಲ ಗುಂಡ ತಾನೇ ಗೆದ್ದೆ ಎಂದು ಕುಣಿಯುತ್ತಿದ್ದ, ಯಾರೂ ಅವನನ್ನು ತಿದ್ದಲಿಲ್ಲ. ಬೇರೆಯವರ ಕಾಯಿ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮ ಹೇಳಿದೊಡನೆ ದೊಡ್ಡವನ ಕಣ್ಣು ಅರಳಿತು, ಫೋನು ಮಂಚದ ಮೇಲೆಯೇ ಉಳಿಯಿತು. ಪುಟ್ಟಿ ಅವನ ಕಾಯಿಯನ್ನು ಕಟ್ಟೆಗೆ ಒಂದು ಮನೆ ಹಿಂದೆ ಕಡಿದಳು. ಅವನು ಆಟವೇ ಮೋಸ ಎಂದ. ಅವಳು ನಿಯಮ ಓದಿ ಹೇಳಿದಳು. ಮೊದಲ ಬಾರಿ ಅವಳ ಕಾನೂನು ಜ್ಞಾನ ಉಪಯೋಗಕ್ಕೆ ಬಂತು. ಪಾಪು ನನ್ನ ತೊಡೆಯ ಮೇಲೆ ಗಿಲಕಿ ಕಚ್ಚುತ್ತಾ ಕವಡೆಗಳ ಮೇಲೇ ಕಣ್ಣಿಟ್ಟಿತ್ತು. ಕವಡೆ 31.7 ಮಿಲಿಮೀಟರಿನ ಕೊಳವೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಆದ್ದರಿಂದ ಪ್ರತಿ ಆಟ ಮುಗಿದಾಗಲೂ ಎಣಿಸಿ ಡಬ್ಬಿಗೆ ಹಾಕುವ ಕೆಲಸ ನನ್ನದು.

ಆಯುಧಪೂಜೆಯ ಮಧ್ಯಾಹ್ನ ಎಣಿಸಿದೆ, ಮೂರೇ ಇದ್ದವು. ಹಾಸು ಕೊಡವಿದರು, ಜಮಖಾನ ಎತ್ತಿದರು. ಎಲ್ಲರೂ ಒಟ್ಟಿಗೆ ಪಾಪುವಿನ ಕಡೆ ತಿರುಗಿದರು. ನಾದಿನಿ ಒಗ್ಗರಣೆ ಸೌಟು ಹಿಡಿದೇ ಓಡಿ ಬಂದು ಪಾಪುವಿನ ಬಾಯೊಳಗೆ ಬೆರಳು ಹಾಕಿದಳು, ಪಾಪು ಕಿರುಚಿತು, ಯಜಮಾನರು ಕಾರಿನ ಕೀ ಹುಡುಕತೊಡಗಿದರು. ಅಮ್ಮ ಸಾವಕಾಶವಾಗಿ ಸೆರಗಿನ ಗಂಟು ಬಿಚ್ಚಿದಳು.

"ಇಲ್ಲಿದೆ, ಯಾಕೆ ಗಾಬರಿ? ಗಂಟೆ ಎರಡಾಯ್ತು, ಇದನ್ನ ಎತ್ತಿಟ್ಕೊಳ್ದೇ ಇದ್ರೆ ನೀವ್ಯಾರೂ ಊಟಕ್ಕೆ ಏಳ್ತಿರ್ಲಿಲ್ಲ. ಮತ್ತೆ ನನ್ನ ಕಾಯಿ ಹಣ್ಣಾಗೋಕೆ ಇನ್ನೆರಡೇ ಬೇಕಿತ್ತು. ಊಟ ಆದ್ಮೇಲೆ ನನ್ನ ಸರದಿ, ಯಾರೂ ಮರೀಬೇಡಿ."